ಹುಡುಕುವವರಿಗೆ ದಾರಿ ಮಾಡಿಟ್ಟ ಬೈಲ್‌ಸ್ಟೈನ್

ವಿಜ್ಞಾನದ ಚರಿತ್ರೆಯಲ್ಲಿ ಹೊಸದನ್ನು ಕಂಡುಹಿಡಿದವರಿಗೆ ಸಲ್ಲುವ ಗೌರವ, ಕಂಡುಹಿಡಿದುದನ್ನೆಲ್ಲ ಒಪ್ಪವಾಗಿ ಜೋಡಿಸಿಟ್ಟವರಿಗೆ ಸಲ್ಲುವುದು ಅಪರೂಪ. ಮೆಂಡಲೀವ್ ಅವರ ಹೆಸರು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಗೊತ್ತು. ಅದೇ ನಗರದಲ್ಲಿ, ಅದೇ ಕಾಲದಲ್ಲಿ, ಅವರು ತೆರವು ಮಾಡಿದ ಪ್ರಾಧ್ಯಾಪಕ ಹುದ್ದೆಯಲ್ಲಿಯೇ ಕುಳಿತು ದುಡಿದ ಫ್ರೀಡ್ರಿಶ್ ಕೊನ್ರಾಡ್ ಬೈಲ್‌ಸ್ಟೈನ್ ಅವರ ಹೆಸರು ರಸಾಯನಶಾಸ್ತ್ರಜ್ಞರ ವಲಯವನ್ನು ದಾಟಿ ಹೊರಬಂದಿಲ್ಲ. ಆ ವಲಯದಲ್ಲಿಯೂ ಅದು ಬಹುಪಾಲು ಒಂದು ಪುಸ್ತಕದ ಹೆಸರಾಗಿ, ಆಮೇಲೆ ಒಂದು ಕಂಪ್ಯೂಟರ್ ದತ್ತಸಂಚಯದ ಹೆಸರಾಗಿ ಬಳಕೆಯಲ್ಲಿದೆ. ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದ ಎಂಬುದೇ ಮರೆತುಹೋಗಿದೆ.

ನಾನು ರಸಾಯನಶಾಸ್ತ್ರದ ವಿದ್ಯಾರ್ಥಿಯಲ್ಲ. ಓದಿದ್ದು ಅರ್ಥಶಾಸ್ತ್ರ, ಬದುಕಿದ್ದು ಸರ್ಕಾರಿ ಕಡತಗಳ ನಡುವೆ. ಸೇವೆಯಲ್ಲಿದ್ದಾಗ ಗ್ರಂಥಾಲಯ ಅನುದಾನದ ಪ್ರಸ್ತಾವಗಳನ್ನು ಪರಿಶೀಲಿಸುವ ಕೆಲಸ ಕೆಲಕಾಲ ನನ್ನ ಪಾಲಿಗೆ ಬಂದಿತ್ತು. ಅಂಥ ಒಂದು ಪಟ್ಟಿಯಲ್ಲಿ, ಉಳಿದೆಲ್ಲ ಪುಸ್ತಕಗಳ ಒಟ್ಟು ಬೆಲೆಯನ್ನೂ ಮೀರಿಸಿದ್ದ ಒಂದೇ ಒಂದು ಬಾಬ್ತಿನ ಎದುರು ಈ ವಿಚಿತ್ರ ಹೆಸರನ್ನು ಮೊದಲ ಬಾರಿಗೆ ಕಂಡೆ. ಒಂದು ಸೂಚೀಗ್ರಂಥಕ್ಕೆ ಇಷ್ಟು ಬೆಲೆ ಏಕೆ ಎಂಬ ಕುತೂಹಲ ಅಂದು ಹುಟ್ಟಿತು. ನಿವೃತ್ತಿಯ ಬಿಡುವಿನಲ್ಲಿ ಅದರ ಬೆನ್ನುಹತ್ತಿದಾಗ ದೊರೆತದ್ದು ಒಂದು ಅಸಾಧಾರಣ ಜೀವನ, ಜೊತೆಗೆ ನಮ್ಮ ಕಾಲಕ್ಕೂ ಅನ್ವಯವಾಗುವ ಒಂದು ಪ್ರಶ್ನೆ: ಜ್ಞಾನವನ್ನು ಹುಡುಕಿಕೊಡುವ ಸಾಧನ ಯಾರ ಸ್ವತ್ತಾಗಿರಬೇಕು?

ಬೈಲ್‌ಸ್ಟೈನ್ ಹುಟ್ಟಿದ್ದು 1838ರಲ್ಲಿ, ರಷ್ಯಾದ ಅಂದಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಮನೆತನ ಜರ್ಮನ್ ಮೂಲದ್ದು. ಹದಿನೈದನೆಯ ವಯಸ್ಸಿಗೇ ಅವರು ಓದಿಗಾಗಿ ಜರ್ಮನಿಗೆ ಹೊರಟರು. ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್, ಮ್ಯೂನಿಕ್‌ನಲ್ಲಿ ಲೀಬಿಗ್, ಗಾಟಿಂಗೆನ್‌ನಲ್ಲಿ ವೋಲರ್, ಹೀಗೆ ಆ ಯುಗದ ಮಹಾಗುರುಗಳ ಬಳಿ ಪಾಠ ಹೇಳಿಸಿಕೊಂಡರು. 1858ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಗಾಟಿಂಗೆನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಅವರ ಕೈಯಲ್ಲಿತ್ತು. ಬಳಿಕ ಪ್ಯಾರಿಸ್‌ನಲ್ಲಿ ವುರ್ಟ್ಜ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಅಧ್ಯಾಪಕರಾಗಿ ಗಾಟಿಂಗೆನ್‌ಗೇ ಮರಳಿದರು. ರಷ್ಯನ್, ಜರ್ಮನ್, ಫ್ರೆಂಚ್ ಭಾಷೆಗಳ ಬರಹಗಳನ್ನು ಮೂಲದಲ್ಲಿಯೇ ಓದಬಲ್ಲವರಾಗಿದ್ದುದು ಮುಂದೆ ಅವರ ಬಹುದೊಡ್ಡ ಬಂಡವಾಳವಾಯಿತು.

ಆ ಕಾಲದ ರಸಾಯನಶಾಸ್ತ್ರ ಎದುರಿಸುತ್ತಿದ್ದ ಸಂಕಟವನ್ನು ತಿಳಿಯದೆ ಬೈಲ್‌ಸ್ಟೈನ್ ಅವರ ಕೆಲಸದ ಬೆಲೆ ಅರ್ಥವಾಗದು. ಇಂಗಾಲದ ಪರಮಾಣುಗಳು ಒಂದಕ್ಕೊಂದು ಸರಪಳಿಯಂತೆ, ಉಂಗುರದಂತೆ ಕೂಡಿಕೊಳ್ಳಬಲ್ಲವು. ಹೀಗಾಗಿ ಅವುಗಳಿಂದಾಗುವ ಸಾವಯವ ಸಂಯುಕ್ತಗಳ ಸಂಖ್ಯೆಗೆ ಕೊನೆಯೆಂಬುದಿಲ್ಲ. ಅಷ್ಟೇ ಅಲ್ಲ, ಅವೇ ಪರಮಾಣುಗಳು ಅಷ್ಟೇ ಸಂಖ್ಯೆಯಲ್ಲಿ ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಂಡು ಬೇರೆ ಬೇರೆ ವಸ್ತುಗಳಾಗುತ್ತವೆ. ವೋಲರ್ ಮತ್ತು ಲೀಬಿಗ್ 1820ರ ದಶಕದಲ್ಲಿ ಬೆಳ್ಳಿಯ ಎರಡು ಲವಣಗಳನ್ನು ಪರೀಕ್ಷಿಸಿದಾಗ ಎರಡರ ಘಟಕಗಳೂ ಪ್ರಮಾಣವೂ ಒಂದೇ ಎಂದು ಕಂಡುಬಂದಿತ್ತು. ಆದರೆ ಒಂದು ಸಾಧು ಸ್ವಭಾವದ್ದು, ಇನ್ನೊಂದು ಮುಟ್ಟಿದರೆ ಸಿಡಿಯುವಂಥದ್ದು. ಹೀಗಿರುವಾಗ ವಸ್ತುವಿನ ಸೂತ್ರವನ್ನಷ್ಟೇ ಬರೆದಿಟ್ಟರೆ ಸಾಲದು. ಯಾರು, ಎಲ್ಲಿ, ಹೇಗೆ ತಯಾರಿಸಿದರು, ಎಷ್ಟು ಉಷ್ಣತೆಗೆ ಕರಗಿತು, ಯಾವುದರೊಡನೆ ಹೇಗೆ ವರ್ತಿಸಿತು ಎಂಬುದೆಲ್ಲ ದಾಖಲಾಗಬೇಕು. ಆ ವಿವರಗಳೋ ಹಲವು ಭಾಷೆಗಳ ಹತ್ತಾರು ನಿಯತಕಾಲಿಕಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

ಬೈಲ್‌ಸ್ಟೈನ್ ಸ್ವತಃ ನುರಿತ ಪ್ರಯೋಗಶೀಲರು. ಟಾಲೀನ್ ಎಂಬ ದ್ರವಕ್ಕೆ ಕ್ಲೋರಿನ್ ಹಾಯಿಸಿದಾಗ, ಕುದಿಯುವ ಸ್ಥಿತಿಯಲ್ಲಿ ಒಂದು ವಸ್ತುವೂ, ತಣ್ಣಗಿರುವಾಗ ಅಯೋಡಿನ್‌ನ ಸಮ್ಮುಖದಲ್ಲಿ ಅದೇ ಸೂತ್ರದ ಬೇರೊಂದು ವಸ್ತುವೂ ದೊರೆಯುವುದನ್ನು ಅವರು ತಮ್ಮ ಸಹೋದ್ಯೋಗಿಗಳೊಡನೆ ತೋರಿಸಿದರು. 1872ರಲ್ಲಿ ಅವರು ಸೂಚಿಸಿದ ಸರಳ ಪರೀಕ್ಷೆಯೊಂದು ಇಂದಿಗೂ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ಕಾಯಿಸಿದ ತಾಮ್ರದ ತಂತಿಗೆ ವಸ್ತುವನ್ನು ಸೋಕಿಸಿ ಜ್ವಾಲೆಯಲ್ಲಿ ಹಿಡಿದಾಗ ಹಸಿರು ಬಣ್ಣ ಮೂಡಿದರೆ ಅದರಲ್ಲಿ ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಇರಬಹುದೆಂದು ಅರ್ಥ. ಬಾಕುವಿನ ಕಡೆಯ ಕಚ್ಚಾತೈಲ ಅಮೆರಿಕದ ಕಚ್ಚಾತೈಲಕ್ಕಿಂತ ರಚನೆಯಲ್ಲಿಯೇ ಭಿನ್ನವೆಂಬುದನ್ನು 1880ರ ಸುಮಾರಿಗೆ ತೋರಿಸಿಕೊಟ್ಟವರಲ್ಲಿಯೂ ಅವರು ಒಬ್ಬರು.

ಇವೆಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ಗಾಟಿಂಗೆನ್‌ನ ದಿನಗಳ ಇನ್ನೊಂದು ಕೆಲಸ. ಬೆನ್ಝೋಯಿಕ್ ಆಮ್ಲದ ಸೂತ್ರವನ್ನೇ ಹೊಂದಿದ್ದರೂ ಅದಕ್ಕಿಂತ ಭಿನ್ನವಾದ ಸ್ಯಾಲಿಲಿಕ್ ಆಮ್ಲವೆಂಬುದೊಂದು ಇದೆ ಎಂದು ಆಗ ದೊಡ್ಡವರೇ ಪ್ರತಿಪಾದಿಸಿದ್ದರು. ಬೈಲ್‌ಸ್ಟೈನ್ ಅದನ್ನು ಶುದ್ಧೀಕರಿಸಿ ನೋಡಿದರು. ಕಲ್ಮಶ ಹೋದ ಮೇಲೆ ಉಳಿದದ್ದು ಸಾಮಾನ್ಯ ಬೆನ್ಝೋಯಿಕ್ ಆಮ್ಲವೇ! ಒಂದೇ ವಸ್ತು ಎರಡು ಹೆಸರಿನಲ್ಲಿ ಎರಡು ಖಾತೆ ತೆರೆದುಕೊಂಡಿತ್ತು. ಒಂದೇ ಜಮೀನಿಗೆ ಎರಡು ಖಾತೆ ಹುಟ್ಟಿದರೆ ಏನೇನು ಅನಾಹುತವಾಗುತ್ತದೆಂಬುದು ಕಂದಾಯ ಇಲಾಖೆಯ ಪರಿಚಯವಿರುವ ಯಾರಿಗೂ ಗೊತ್ತು. ದಾಖಲೆಯಿಂದ ಸುಳ್ಳು ನಮೂದನ್ನು ಕಿತ್ತುಹಾಕುವುದು ಹೊಸ ನಮೂದು ಸೇರಿಸುವಷ್ಟೇ ಮುಖ್ಯವೆಂಬ ಈ ಎಚ್ಚರ ಅವರ ಮುಂದಿನ ಮಹಾಕಾರ್ಯದ ಜೀವಾಳವಾಯಿತು.

1866ರಲ್ಲಿ ಬೈಲ್‌ಸ್ಟೈನ್ ತಾಯ್ನಾಡಿಗೆ ಮರಳಿ ಸೇಂಟ್ ಪೀಟರ್ಸ್‌ಬರ್ಗ್‌ನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಮೆಂಡಲೀವ್ ವಿಶ್ವವಿದ್ಯಾಲಯಕ್ಕೆ ಹೋದುದರಿಂದ ತೆರವಾದ ಸ್ಥಾನವದು. ಗಾಟಿಂಗೆನ್‌ನಲ್ಲಿದ್ದಾಗಲೇ ಅವರು ಜರ್ಮನಿಯ ಒಂದು ರಸಾಯನಶಾಸ್ತ್ರ ಪತ್ರಿಕೆಯ ಸಂಪಾದಕರಲ್ಲೊಬ್ಬರಾಗಿದ್ದರು. ರಷ್ಯಾಕ್ಕೆ ಬಂದ ಮೇಲೂ ಆ ಹೊಣೆ ಮುಂದುವರಿಯಿತು. ರಷ್ಯನ್ನರ ಸಂಶೋಧನೆಗಳ ಸಾರಾಂಶ ಆ ಪತ್ರಿಕೆಯ ಮೂಲಕ ಯುರೋಪನ್ನು ತಲುಪುತ್ತಿತ್ತು. 1869ರಲ್ಲಿ ಮೆಂಡಲೀವ್ ಮೂಲವಸ್ತುಗಳ ಆವರ್ತಕ ನಿಯಮವನ್ನು ಪ್ರಕಟಿಸಿದಾಗ ಅದರ ಸಾರಾಂಶವೂ ಅಲ್ಲಿಯೇ ಬಂದಿತು. ಆದರೆ ಆವರ್ತಿಸುವ ಎಂಬರ್ಥದ ರಷ್ಯನ್ ಪದ ಜರ್ಮನ್‌ಗೆ ಬರುವಾಗ ಹಂತಹಂತವಾಗಿ ಎಂಬರ್ಥದ ಪದವಾಗಿ ಮಾರ್ಪಟ್ಟಿತು. ನಿಯಮದ ಜೀವವೇ ಆ ಒಂದು ಪದದಲ್ಲಿತ್ತು. ಆವರ್ತಕ ನಿಯಮದ ಕೀರ್ತಿ ಯಾರಿಗೆ ಸಲ್ಲಬೇಕೆಂದು ಮೆಂಡಲೀವ್ ಮತ್ತು ಜರ್ಮನಿಯ ಲೋಥಾರ್ ಮೇಯರ್ ನಡುವೆ ಮುಂದೆ ನಡೆದ ದೀರ್ಘ ವಾಗ್ವಾದದಲ್ಲಿ ಈ ಅನುವಾದವೂ ಒಂದು ವಿಷಯವಾಯಿತು. ಸಾರಾಂಶ ಬರೆಯುವವನ ಒಂದು ಪದ ಮೂಲವನ್ನು ಓದದ ಸಾವಿರಾರು ಜನರ ತಿಳಿವಳಿಕೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ತಮ್ಮ ಸ್ವಂತ ಉಪಯೋಗಕ್ಕೆಂದು ಬೈಲ್‌ಸ್ಟೈನ್ ಸಾವಯವ ಸಂಯುಕ್ತಗಳ ಬಗೆಗೆ ಟಿಪ್ಪಣಿ ಬರೆದಿಟ್ಟುಕೊಳ್ಳಲು ಆರಂಭಿಸಿದ್ದು 1860ರ ದಶಕದಲ್ಲಿ. ವರ್ಷ ಕಳೆದಂತೆ ಅದು ಬೆಳೆಯುತ್ತ ಹೋಯಿತು. ಬೋಧನೆ, ಪ್ರಯೋಗಾಲಯ, ಸಂಪಾದಕತ್ವಗಳ ನಡುವೆ ಉಳಿದ ಸಮಯವನ್ನೆಲ್ಲ ಅದು ನುಂಗಿತು. ಕೊನೆಗೆ 1881ರಿಂದ 1883ರ ಅವಧಿಯಲ್ಲಿ ಸಾವಯವ ರಸಾಯನಶಾಸ್ತ್ರದ ಕೈಪಿಡಿ ಎಂಬ ಹೆಸರಿನಲ್ಲಿ ಎರಡು ಸಂಪುಟಗಳು ಜರ್ಮನ್ ಭಾಷೆಯಲ್ಲಿ ಹೊರಬಂದವು. ಕೈಪಿಡಿ ಎಂದು ಹೆಸರಿದ್ದರೂ ಪುಟಗಳು ಎರಡು ಸಾವಿರಕ್ಕೂ ಹೆಚ್ಚು. ಒಂದೊಂದು ಸಂಯುಕ್ತದ ತಯಾರಿಕೆ, ಗುಣ, ವರ್ತನೆ, ಮೂಲ ಲೇಖನದ ಉಲ್ಲೇಖ ಎಲ್ಲವೂ ಅದರಲ್ಲಿದ್ದವು. ಇದು ಒಬ್ಬರೇ ಮಾಡಿದ ಕೆಲಸ. ಮುಂದಿನ ಕೆಲವೇ ವರ್ಷಗಳಲ್ಲಿ ಎರಡನೆಯ ಆವೃತ್ತಿ ಮೂರು ಸಂಪುಟಗಳಿಗೂ, 1890ರ ದಶಕದಲ್ಲಿ ಮೂರನೆಯ ಆವೃತ್ತಿ ನಾಲ್ಕು ಸಂಪುಟಗಳಿಗೂ ಬೆಳೆಯಿತು. ಆ ವೇಳೆಗೆ ರಸಾಯನಶಾಸ್ತ್ರಜ್ಞರು ಗ್ರಂಥದ ಹೆಸರನ್ನು ಬಿಟ್ಟು ಗ್ರಂಥಕರ್ತನ ಹೆಸರಿನಿಂದಲೇ ಅದನ್ನು ಕರೆಯತೊಡಗಿದ್ದರು.

ಆದರೆ ಸ್ವದೇಶದಲ್ಲಿ ಈ ಕೆಲಸಕ್ಕೆ ದೊರೆತ ಮನ್ನಣೆ ಕಹಿ ಬೆರೆತದ್ದು. 1880ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿ ಮೆಂಡಲೀವ್ ಅವರ ಸದಸ್ಯತ್ವವನ್ನು ತಿರಸ್ಕರಿಸಿತ್ತು. ಅಕಾಡೆಮಿ ಜರ್ಮನ್ನರ ಕೈಯಲ್ಲಿದೆ ಎಂದು ಪತ್ರಿಕೆಗಳು ಕೋಲಾಹಲವೆಬ್ಬಿಸಿದ್ದವು. ಆ ಬೆಂಕಿ ಆರುವ ಮೊದಲೇ ಅದೇ ಸ್ಥಾನಕ್ಕೆ ಬೈಲ್‌ಸ್ಟೈನ್ ಅವರ ಹೆಸರು ಬಂದಿತು. ಸಾವಯವ ರಸಾಯನಶಾಸ್ತ್ರದ ಧೀಮಂತರಾದ ಬಟ್ಲೆರೋವ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಬೈಲ್‌ಸ್ಟೈನ್ ಪರಿಶ್ರಮಿ ಹೌದು, ಆದರೆ ವಿಜ್ಞಾನಕ್ಕೆ ಹೊಸ ವಿಚಾರ ಕೊಟ್ಟವರಲ್ಲ ಎಂಬುದು ಅವರ ವಾದದ ತಿರುಳು. ಬೈಲ್‌ಸ್ಟೈನ್ ಅಕಾಡೆಮಿಗೆ ಆಯ್ಕೆಯಾದುದು 1886ರಲ್ಲಿ. ಹುಟ್ಟಿನಿಂದ ರಷ್ಯನ್, ಮಾತಿನಿಂದ ಜರ್ಮನ್ ಆಗಿದ್ದ ಅವರು ಎರಡು ರಾಷ್ಟ್ರಾಭಿಮಾನಗಳ ನಡುವೆ ಸಿಕ್ಕಿಕೊಂಡಿದ್ದರು ಎಂಬುದು ನಿಜ. ಆದರೂ ಬಟ್ಲೆರೋವ್ ಎತ್ತಿದ ಪ್ರಶ್ನೆಯನ್ನು ಜನಾಂಗದ್ವೇಷವೆಂದು ತಳ್ಳಿಹಾಕಲಾಗದು. ಸಂಗ್ರಹಿಸುವುದು, ವಿಂಗಡಿಸುವುದು, ಪರಿಶೀಲಿಸುವುದು ವಿಜ್ಞಾನವೇ ಅಥವಾ ಗುಮಾಸ್ತಿಕೆಯೇ?

ಈ ಪ್ರಶ್ನೆಗೆ ಉತ್ತರವನ್ನು ಕಾಲವೇ ಕೊಟ್ಟಿದೆ ಎಂದು ನನ್ನ ಭಾವನೆ. ಏರುತ್ತಿದ್ದ ಪ್ರಕಟಣೆಗಳ ಪ್ರವಾಹವನ್ನು ಒಬ್ಬ ಮನುಷ್ಯ ತಡೆದು ನಿಲ್ಲಿಸಲಾರ ಎಂಬುದನ್ನು ಅರಿತ ಬೈಲ್‌ಸ್ಟೈನ್, ಶತಮಾನದ ಕೊನೆಯ ವರ್ಷಗಳಲ್ಲಿ ಗ್ರಂಥದ ಮುಂದಿನ ಹೊಣೆಯನ್ನು ಜರ್ಮನ್ ರಸಾಯನಶಾಸ್ತ್ರ ಸಂಘಕ್ಕೆ ಒಪ್ಪಿಸಿದರು. ನಾನು ಅವರ ಜೀವನದಲ್ಲಿ ಅತ್ಯಂತ ಮೆಚ್ಚುವ ನಿರ್ಧಾರ ಇದು. ತಾನು ಕಟ್ಟಿದ್ದು ತನ್ನೊಡನೆಯೇ ಮುಗಿಯಲಿ ಎಂದುಕೊಳ್ಳದೆ, ಅದಕ್ಕೊಂದು ಸಾಂಸ್ಥಿಕ ಬದುಕು ಕೊಟ್ಟವರು ವಿರಳ. 1906ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಅದರ ಮರುವರ್ಷವೇ ಅಮೆರಿಕದ ರಸಾಯನಶಾಸ್ತ್ರ ಸಂಘವು ಜಗತ್ತಿನ ಎಲ್ಲ ರಸಾಯನ ಲೇಖನಗಳ ಸಾರಾಂಶ ಪ್ರಕಟಿಸುವ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಪತ್ರಿಕೆಯನ್ನು ಆರಂಭಿಸಿತು. ಬೈಲ್‌ಸ್ಟೈನ್ ಗ್ರಂಥದ ನಾಲ್ಕನೆಯ ಆವೃತ್ತಿ 1918ರಿಂದ ಹೊರಬರತೊಡಗಿತು. 1910ಕ್ಕೆ ಮುಂಚಿನ ಸಂಶೋಧನೆಗಳನ್ನು ಒಳಗೊಳ್ಳುವುದಕ್ಕೇ ಅದಕ್ಕೆ 27 ಸಂಪುಟಗಳು ಬೇಕಾದವು.

ಇಲ್ಲಿಂದ ಮುಂದಿನ ಕಥೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಪಾಠದಂತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಶತ್ರುದೇಶದ ವೈಜ್ಞಾನಿಕ ಗ್ರಂಥಗಳ ಹಕ್ಕನ್ನು ವಶಪಡಿಸಿಕೊಂಡು, ಮರುಮುದ್ರಣಕ್ಕೆ ಪರವಾನಗಿ ಕೊಟ್ಟಿತು. ಸುಮಾರು 2,000 ಡಾಲರ್ ಬೆಲೆಯ ಬೈಲ್‌ಸ್ಟೈನ್ 400 ಡಾಲರ್‌ಗೆ ದೊರೆಯುವಂತಾಯಿತು. ಹೀಗೆ ಬೆಲೆ ಇಳಿದ ಗ್ರಂಥಗಳ ಪ್ರಭಾವವನ್ನು ಬಾರ್ಬರಾ ಬಿಯಾಸಿ ಮತ್ತು ಪೆಟ್ರಾ ಮೋಸರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇತ್ತೀಚಿನ ವರ್ಷಗಳಲ್ಲಿ ಲೆಕ್ಕಹಾಕಿದ್ದಾರೆ. ಆ ಗ್ರಂಥಗಳನ್ನು ಆಧರಿಸಿದ ಹೊಸ ಸಂಶೋಧನೆ ಗಣನೀಯವಾಗಿ ಹೆಚ್ಚಿತೆಂದೂ, ಅಷ್ಟೇನೂ ಶ್ರೀಮಂತವಲ್ಲದ ವಿದ್ಯಾಸಂಸ್ಥೆಗಳಿಗೆ ಅವು ಕೈಗೆಟುಕಿದ್ದೇ ಇದಕ್ಕೆ ಕಾರಣವೆಂದೂ ಅವರು ಕಂಡುಕೊಂಡಿದ್ದಾರೆ. ಸೂಚೀಗ್ರಂಥದ ಬೆಲೆ ಎಂಬುದು ಗ್ರಂಥಪಾಲಕನೊಬ್ಬನ ಚಿಂತೆಯಲ್ಲ, ಯಾವ ಊರಿನಲ್ಲಿ ವಿಜ್ಞಾನ ಬೆಳೆಯಬೇಕೆಂಬುದನ್ನೇ ಅದು ತೀರ್ಮಾನಿಸುತ್ತದೆ.

ಯುದ್ಧಾನಂತರ ಈ ಕಾರ್ಯ ಫ್ರಾಂಕ್‌ಫರ್ಟ್‌ನಲ್ಲಿ ನೆಲೆನಿಂತಿತು. 1951ರಲ್ಲಿ ಮ್ಯಾಕ್ಸ್ ಪ್ಲಾಂಕ್ ಸೊಸೈಟಿ ಅದಕ್ಕಾಗಿಯೇ ಬೈಲ್‌ಸ್ಟೈನ್ ಸಂಸ್ಥೆಯನ್ನು ಸ್ಥಾಪಿಸಿತು. ಅಷ್ಟರಲ್ಲಿ ಕಂಪ್ಯೂಟರ್ ಯುಗ ಕಾಲಿಟ್ಟಿತ್ತು. ಅಣುವಿನ ಚಿತ್ರವನ್ನು ಯಂತ್ರ ಓದಲಾರದು. ಆದರೆ ಯಾವ ಪರಮಾಣು ಯಾವುದಕ್ಕೆ ಎಷ್ಟು ಬಂಧಗಳಿಂದ ಜೋಡಣೆಯಾಗಿದೆ ಎಂಬ ಕೋಷ್ಟಕವನ್ನು ಅದು ಓದಬಲ್ಲದು. ಪರಮಾಣುಗಳಿಗೆ ಒಂದು ನಿಶ್ಚಿತ ಕ್ರಮದಲ್ಲಿ ಸಂಖ್ಯೆ ಕೊಟ್ಟರೆ, ಒಂದು ಅಣುವನ್ನು ಯಾರು ಹೇಗೆ ಬರೆದರೂ ಅದರ ಕೋಷ್ಟಕ ಒಂದೇ ಆಗುತ್ತದೆ. ಈ ತತ್ತ್ವದ ಮೇಲೆ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ 1965ರಲ್ಲಿ ನೋಂದಣಿ ವ್ಯವಸ್ಥೆ ಆರಂಭಿಸಿ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಕೊಟ್ಟಿತು. ಜಮೀನಿಗೆ ಸರ್ವೆ ನಂಬರ್ ಇದ್ದಂತೆ ಇದು. ಇಂದು ಆ ನೋಂದಣಿ ಪುಸ್ತಕದಲ್ಲಿ 20 ಕೋಟಿಗೂ ಹೆಚ್ಚು ವಸ್ತುಗಳಿವೆ.

ಜರ್ಮನ್ ಸರ್ಕಾರದ ನೆರವಿನಿಂದ ಬೈಲ್‌ಸ್ಟೈನ್ ಗ್ರಂಥವೂ 1980ರ ದಶಕದಲ್ಲಿ ಕಂಪ್ಯೂಟರ್‌ಗೆ ಏರತೊಡಗಿ, 1988ರಲ್ಲಿ ದೂರಸಂಪರ್ಕ ಜಾಲದ ಮೂಲಕ ಲಭ್ಯವಾಯಿತು. ಅಣುವಿನ ಒಂದು ತುಣುಕನ್ನು ಪರದೆಯ ಮೇಲೆ ಬರೆದು, ಇಂಥ ತುಣುಕುಳ್ಳ ವಸ್ತುಗಳು ಯಾವುವು, ಅವನ್ನು ಯಾರು ಹೇಗೆ ತಯಾರಿಸಿದ್ದಾರೆ ಎಂದು ಕೇಳಿದರೆ ಉತ್ತರ ಬರುವಂತಾಯಿತು. ವಾರಗಟ್ಟಲೆ ಸಂಪುಟ ತಿರುವಿಹಾಕುವ ಶ್ರಮ ನಿಮಿಷಗಳಿಗಿಳಿಯಿತು. ಮುದ್ರಿತ ಸಂಪುಟಗಳು 1998ರಲ್ಲಿ ನಿಂತುಹೋದವು. 2007ರಲ್ಲಿ ದತ್ತಸಂಚಯ ಎಲ್ಸೆವಿಯರ್ ಎಂಬ ಬಹುರಾಷ್ಟ್ರೀಯ ಪ್ರಕಾಶನ ಸಂಸ್ಥೆಯ ಸ್ವತ್ತಾಯಿತು. 2009ರಿಂದ ಅದರ ಹೆಸರು ರಿಯಾಕ್ಸಿಸ್. 2018ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ಸಂಶೋಧಕರು ಈ ಸಂಚಯದ ಸುಮಾರು 1.24 ಕೋಟಿ ರಾಸಾಯನಿಕ ಕ್ರಿಯೆಗಳನ್ನು ಯಂತ್ರಕ್ಕೆ ಕಲಿಸಿ, ಹೊಸ ಅಣುವನ್ನು ತಯಾರಿಸುವ ಹಾದಿಯನ್ನು ಅದರಿಂದಲೇ ಹೇಳಿಸಿದರು. ಇಂದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ ರಸಾಯನಶಾಸ್ತ್ರದಲ್ಲಿ ಸಾಧಿಸಿದ ಆ ಚಮತ್ಕಾರದ ಅಡಿಪಾಯದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಆ ಪರಿಶ್ರಮಿಯ ಟಿಪ್ಪಣಿಗಳಿವೆ. ಬಟ್ಲೆರೋವ್ ಅವರಿಗೆ ಇದಕ್ಕಿಂತ ಸಮರ್ಥವಾದ ಉತ್ತರ ಬೇಕೇ?

ಹಾಗಾದರೆ ಸ್ವತ್ತಿನ ಪ್ರಶ್ನೆ? ದತ್ತಸಂಚಯ ಕಟ್ಟಲು ಅಪಾರ ವೆಚ್ಚ ತಗಲುತ್ತದೆ. ಪರಿಣತರು ಲೇಖನಗಳನ್ನು ಓದಬೇಕು, ತಾಳೆ ನೋಡಬೇಕು, ತಪ್ಪು ತಿದ್ದಬೇಕು. ಆದರೆ ಕಟ್ಟಿದ ಮೇಲೆ ಇನ್ನೊಬ್ಬ ಬಳಕೆದಾರನಿಗೆ ಅದನ್ನು ಒದಗಿಸುವ ವೆಚ್ಚ ಹೆಚ್ಚುಕಡಿಮೆ ಶೂನ್ಯ. ಇಂಥ ಕಡೆ ಸ್ಪರ್ಧೆ ಹುಟ್ಟುವುದು ಕಷ್ಟ, ಏಕಸ್ವಾಮ್ಯ ಸಹಜ. ಕಟ್ಟುವವರಿಗೆ ಪ್ರತಿಫಲ ಬೇಡವೆಂದು ನಾನು ಹೇಳಲಾರೆ. ಬಿಟ್ಟಿ ದೊರೆಯುವ ಪಟ್ಟಿಯನ್ನು ಪರಿಶೀಲಿಸುವವರಿಲ್ಲದಿದ್ದರೆ ಅದರಲ್ಲಿ ಸ್ಯಾಲಿಲಿಕ್ ಆಮ್ಲಗಳು ತುಂಬಿಕೊಳ್ಳುತ್ತವೆ. ಆದರೆ ಅಣುಗಳ ಸಂಶೋಧನೆ ಬಹುಪಾಲು ನಡೆದಿರುವುದು ಜನರ ತೆರಿಗೆ ಹಣದಲ್ಲಿ. ಅದರ ಸೂಚಿಗೆ ಬಡ ವಿಶ್ವವಿದ್ಯಾಲಯಗಳು ತೆರಲಾಗದ ಶುಲ್ಕ ವಿಧಿಸುವುದು ನ್ಯಾಯವೆನಿಸುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2004ರಲ್ಲಿ ಪಬ್‌ಕೆಮ್ ಎಂಬ ಉಚಿತ ದತ್ತಸಂಚಯ ಆರಂಭಿಸಿದಾಗ, ಸರ್ಕಾರಿ ಹಣದಿಂದ ನಡೆಯುವ ಅದು ತನ್ನ ಸೇವೆಗೆ ಅನ್ಯಾಯದ ಪೈಪೋಟಿ ಎಂದು ಅಲ್ಲಿನ ರಸಾಯನಶಾಸ್ತ್ರ ಸಂಘ 2005ರಲ್ಲಿ ಆಕ್ಷೇಪವೆತ್ತಿತು. ಪಬ್‌ಕೆಮ್ ಉಳಿಯಿತು. 11 ಕೋಟಿಗೂ ಹೆಚ್ಚು ಸಂಯುಕ್ತಗಳ ವಿವರ ಇಂದು ಅಲ್ಲಿ ಯಾರಿಗಾದರೂ ದೊರೆಯುತ್ತದೆ. ಶುಲ್ಕದ ಸೇವೆಗಳೂ ಮುಳುಗಿಹೋಗಲಿಲ್ಲ.

ನಮ್ಮ ದೇಶಕ್ಕೆ ಇದರಲ್ಲಿ ಪಾಠವಿದೆ. ಸೂಚಿಯಲ್ಲಿ ಇಲ್ಲದ್ದು ಲೋಕದ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ನಾವು ಅರಿಶಿನದ ಪ್ರಕರಣದಲ್ಲಿ ಅನುಭವಿಸಿದ್ದೇವೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ದೊರೆತಾಗ, ಮನೆಮನೆಯ ಅಜ್ಜಿಯರ ತಿಳಿವಳಿಕೆ ಸಾಕ್ಷ್ಯವಾಗಲಿಲ್ಲ. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಲಿಖಿತ ದಾಖಲೆಗಳನ್ನು ಹುಡುಕಿ ಮುಂದಿಟ್ಟ ಮೇಲೆಯೇ 1997ರಲ್ಲಿ ಆ ಪೇಟೆಂಟ್ ರದ್ದಾಯಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. ಸುಮಾರು 13,000 ನಿಯತಕಾಲಿಕಗಳನ್ನು 6,300 ಸರ್ಕಾರಿ ಸಂಸ್ಥೆಗಳಿಗೆ ತಲುಪಿಸುವ ಈ ಹೆಜ್ಜೆ ಸ್ವಾಗತಾರ್ಹ. ಆದರೆ ಲೇಖನ ಓದುವ ಹಕ್ಕು ಬೇರೆ, ಬೇಕಾದ ಲೇಖನ ಯಾವುದೆಂದು ತಿಳಿಯುವ ಸಾಧನ ಬೇರೆ. ಜಿಲ್ಲಾ ಕೇಂದ್ರದ ಕಾಲೇಜಿನ ಸಂಶೋಧಕಿಗೆ ಎರಡನೆಯದು ದೊರೆಯದಿದ್ದರೆ ಮೊದಲನೆಯದರ ಉಪಯೋಗ ಅರ್ಧ ಮಾತ್ರ. ಮುಂದಿನ ಚೌಕಾಸಿಯಲ್ಲಿ ಹುಡುಕು ಸಾಧನಗಳಿಗೂ ಅಷ್ಟೇ ಒತ್ತು ಸಿಗಬೇಕು. ಜೊತೆಗೆ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಹಣದಿಂದ ತಯಾರಾಗುವ, ಗಿಡಮೂಲಿಕೆಗಳಿಂದ ಬೇರ್ಪಡಿಸುವ ಪ್ರತಿಯೊಂದು ಸಂಯುಕ್ತದ ವಿವರವೂ ಪ್ರಬಂಧದ ಪುಟಗಳಲ್ಲಿ ಹೂತುಹೋಗದೆ, ತಜ್ಞರ ಪರಿಶೀಲನೆಗೊಳಪಟ್ಟು ಮುಕ್ತ ದತ್ತಸಂಚಯಗಳನ್ನು ಸೇರುವಂತೆ ನಿಯಮ ಮಾಡಬೇಕು. ಪರಿಶೀಲಿಸುವ ಕೆಲಸವನ್ನು ಗುಮಾಸ್ತಿಕೆಯೆಂದು ಬಗೆಯದೆ ಸಂಶೋಧನೆಯೆಂದೇ ಗಣಿಸಿ ಬಡ್ತಿಗೆ, ವೇತನಕ್ಕೆ ಪರಿಗಣಿಸಬೇಕು.

ಬೈಲ್‌ಸ್ಟೈನ್ ಸಂಸ್ಥೆ ಈಗಲೂ ಇದೆ. ಹಳೆಯ ದತ್ತಸಂಚಯ ಅದರ ಕೈಯಲ್ಲಿಲ್ಲ. ಆದರೆ 2005ರಿಂದ ಅದು ಸಾವಯವ ರಸಾಯನಶಾಸ್ತ್ರದ ಒಂದು ನಿಯತಕಾಲಿಕವನ್ನು ನಡೆಸುತ್ತಿದೆ. ಓದುವವರೂ ಹಣ ಕೊಡಬೇಕಿಲ್ಲ, ಬರೆಯುವವರೂ ಕೊಡಬೇಕಿಲ್ಲ. ತನ್ನ ಟಿಪ್ಪಣಿಗಳನ್ನು ಲೋಕಕ್ಕೆ ಒಪ್ಪಿಸಿ ಹೋದ ಮನುಷ್ಯನ ಹೆಸರಿಗೆ ಒಪ್ಪುವ ಕೆಲಸವದು.